ಸ್ಯಾನ್ ಪೀಡ್ರೊಗೆ ಒಯ್ದ ಸ್ಕೋರ್ ಹಾಳೆ

ಲಾ ಹೋಯಾ

ಅಮೆರಿಕದಲ್ಲಿ ಆರು ವಾರ ಇದ್ದು ಬಂದೆ ಎಂದ ಕೂಡಲೇ ಧಾರವಾಡದ ಗೆಳತಿಯರು ಕೇಳಿದ್ದು ಒಂದೇ ಪ್ರಶ್ನೆ: ಏನೇನು ನೋಡಿದಿ? ಅವರಿಗೆ ಬೇಕಾದ ಯಾವುದನ್ನೂ ನಾನು ನೋಡಿಲ್ಲ. ಸಿನಿಮಾದವರ ಬೀದಿ ನೋಡಲಿಲ್ಲ, ಗುಡ್ಡದ ಮೇಲಿನ ಆ ಬಿಳಿ ಅಕ್ಷರಗಳನ್ನು ನೋಡಲಿಲ್ಲ, ಜೂಜಿನ ಊರಿಗೂ ಹೋಗಲಿಲ್ಲ. ನಾನು ಕಣ್ಣಿಟ್ಟು ನೋಡಿದ್ದು ನಲವತ್ತು ವರ್ಷಕ್ಕೂ ಹಳೆಯದಾದ ಒಂದು ಹಾಳೆಯನ್ನು. ಅದರಲ್ಲಿ ಒಂದು ಬೇಸ್‌ಬಾಲ್ ಪಂದ್ಯದ ಸ್ಕೋರ್ ಇತ್ತು. ಇಡೀ ಪಂದ್ಯದಲ್ಲಿ ಬಂದ ರನ್ ಒಂದೇ ಒಂದು. ಇಷ್ಟು ಹೇಳುವಷ್ಟರಲ್ಲಿ ಗೆಳತಿಯರು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತಾರೆ. ಹಾಗಾಗಿ ಬರೆಯುವುದೇ ವಾಸಿ ಎನಿಸಿತು.

ನನ್ನ ಪರಿಚಯ ಸ್ವಲ್ಪ ಬೇಕು. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದೆ. ಭಾನುವಾರ ಮಾತ್ರ ಬೇರೆ ಹೆಂಗಸು: ಹುಬ್ಬಳ್ಳಿ-ಧಾರವಾಡದ ಲೀಗ್ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರರ್. ಶಾಮಿಯಾನದ ಕೆಳಗೆ ಕೂತು ಪ್ರತಿ ಚೆಂಡನ್ನೂ ಪುಸ್ತಕದಲ್ಲಿ ದಾಖಲಿಸುವುದು ನನ್ನ ಕೆಲಸ. ಸ್ಕೋರರ್ ತೀರ್ಪು ಕೊಡುವುದಿಲ್ಲ. ಅಂಪೈರ್ ಕೈಸನ್ನೆ ಮಾಡುತ್ತಾನೆ, ನಾವು ಕೈ ಎತ್ತಿ ‘ಕಂಡಿತು’ ಎಂದು ತಿಳಿಸುತ್ತೇವೆ, ಬರೆಯುತ್ತೇವೆ. ಎರಡು ತಂಡಕ್ಕೆ ಇಬ್ಬರು ಸ್ಕೋರರ್‌ಗಳು. ಅಕ್ಕಪಕ್ಕ ಕೂತು, ಓವರ್ ಮುಗಿದಾಗಲೆಲ್ಲ ಒಬ್ಬರು ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು. ತಾಳೆಯಾಗದಿದ್ದರೆ ಅಲ್ಲಿಯೇ ಬಾಯಿ ಬಿಟ್ಟು ಹೇಳಬೇಕು. ಈ ಚಾಳಿ ನನಗೆ ಎಷ್ಟು ಅಂಟಿದೆ ಎಂದರೆ ಮದುವೆ ಮನೆಯಲ್ಲಿ ಪುರೋಹಿತರು ಒಂದು ಸಾಲು ಮಂತ್ರ ಬಿಟ್ಟರೂ ನಾಲಗೆ ತುರಿಸುತ್ತದೆ.

ಅಮೆರಿಕಕ್ಕೆ ಕರೆದವಳು ವಿನೋದಾ, ನನ್ನ ಚಿಕ್ಕಮ್ಮನ ಮಗಳು. ಸ್ಯಾನ್ ಡಿಯಾಗೋದ ಕಡಲಂಚಿನ ಲಾ ಹೋಯಾದ ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ಕಡಲ ನೀರಿನ ಬಿಸಿ ಅಳೆಯುತ್ತಾಳೆ. ಕೊರೋನಾ ಕಾಲದಲ್ಲಿ ನನ್ನ ಟಿಕೆಟ್ ಎರಡು ಸಲ ರದ್ದಾಗಿ, ಮೂರನೆಯದು ನಾನು ನಿವೃತ್ತಳಾದ ಮೇಲೆ ಕೂಡಿ ಬಂತು. ಅವಳ ಮನೆಯಿಂದ ಕಡಲು ಹತ್ತು ನಿಮಿಷದ ನಡಿಗೆ. ದಂಡೆಯ ಬಂಡೆಗಳ ಮೇಲೆ ಸೀಲ್‌ಗಳು ನಮ್ಮೂರ ಕೆರೆಯ ಎಮ್ಮೆಗಳ ಹಾಗೆ ಬಿದ್ದುಕೊಂಡಿರುತ್ತವೆ. ವಾಸನೆ ಎಮ್ಮೆಗಿಂತ ಜೋರು. ಎದುರಿನ ಅರಮನೆಯಂಥ ಮನೆಗಳವರು ಮೂಗು ಮುಚ್ಚಿಕೊಂಡಾದರೂ ಅವುಗಳನ್ನು ನೋಡಲು ಬರುತ್ತಾರೆ. ಬೆಳಗಿನ ವಾಕಿಂಗ್‌ನಲ್ಲಿ ಎದುರಾದವರು ಗುರುತಿರಲಿ ಬಿಡಲಿ, ನಕ್ಕು ‘ಹೇಗಿದ್ದೀರಿ’ ಎನ್ನುತ್ತಾರೆ. ಮೊದಲ ದಿನ ನಾನು ನಿಂತು, ಮಂಡಿ ನೋವಿನಿಂದ ಹಿಡಿದು ಹೇಳತೊಡಗಿದೆ. ಕೇಳಿದಾತ ಆಗಲೇ ಇಪ್ಪತ್ತು ಹೆಜ್ಜೆ ದಾಟಿದ್ದ. ಅದು ಉತ್ತರ ಬೇಡದ ಪ್ರಶ್ನೆ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ವಾರ ಕಳೆಯುವಷ್ಟರಲ್ಲಿ ವಿನೋದಾಗೆ ನನ್ನ ಮೇಲೆ ಕನಿಕರ ಬಂತು.

“ಅಕ್ಕಾ, ನೀ ಹಿಂಗ ಸೀಲ್ ಎಣಿಸ್ಕೋತ ಕೂತ್ರ ಹುಚ್ಚ ಹಿಡೀತದ. ಶನಿವಾರ ಬೇಸ್‌ಬಾಲ್ ಮ್ಯಾಚ್ ಅದ. ಬುಕ್ ಮಾಡೀನಿ.”

“ಹೆಂಗಿರ್ತದ ಅದು?”

“ನನಗೇನ್ ಗೊತ್ತು? ಹದಿನೆಂಟು ವರ್ಷ ಆತು ಇಲ್ಲೆ, ಒಂದೂ ಪೂರ್ತಿ ನೋಡಿಲ್ಲ. ನೀ ನೋಡಿ ನನಗ ಹೇಳು.”

ಸ್ಯಾನ್ ಡಿಯಾಗೋ, ಆಟದ ಮೈದಾನ

ಆಟಕ್ಕೆ ಹೋಗುವಾಗ ಉದ್ದ ನೋಟ್‌ಬುಕ್, ನಾಲ್ಕು ಬಣ್ಣದ ಪೆನ್ನು ಇಲ್ಲದೆ ನಾನು ಹೊರಡುವುದಿಲ್ಲ. ಬಾಗಿಲಲ್ಲಿ ತಪಾಸಣೆಯವಳು ಪೆನ್ನುಗಳನ್ನು ಎತ್ತಿ ಹಿಡಿದು ನೋಡಿ, ಟೀಚರಾ ಎಂದು ಕೇಳಿ ಒಳಗೆ ಬಿಟ್ಟಳು. ವಿನೋದಾ ಕೂತ ಐದು ನಿಮಿಷಕ್ಕೆ ಆಫೀಸಿನ ಫೋನ್ ಹಿಡಿದು ಎದ್ದು ಹೋದಳು. ಆಟದ ಒಟ್ಟು ಸ್ವರೂಪ ಬೇಗನೆ ತಿಳಿಯಿತು. ಒಬ್ಬ ಎಸೆಯುತ್ತಾನೆ, ಒಬ್ಬ ಬೀಸುತ್ತಾನೆ, ಹೊಡೆದವನು ನಾಲ್ಕು ಮೂಲೆಯ ಬೇಸ್‌ಗಳನ್ನು ಸುತ್ತಿ ಮೊದಲಿನ ಜಾಗಕ್ಕೆ ಬಂದರೆ ಒಂದು ರನ್. ಒಂಬತ್ತು ಸುತ್ತು. ಬಹುಪಾಲು ಸಮಯ ಯಾರೂ ಓಡುವುದಿಲ್ಲ. ನನಗೆ ಇದು ಹಿಡಿಸಿತು.

ಎಡವಟ್ಟಾಗಿದ್ದು ಅಂಪೈರ್‌ನಿಂದ. ಅಲ್ಲಿನ ಅಂಪೈರ್ ಪ್ರತಿ ಎರಡು ಮೂರು ಎಸೆತಕ್ಕೊಮ್ಮೆ ಬಲಗೈ ಎತ್ತುತ್ತಾನೆ. ಅವನು ಎತ್ತಿದಾಗಲೆಲ್ಲ ನನ್ನ ಕೈಯೂ ತಾನಾಗಿ ಮೇಲೇರಿತು. ಮೂರನೆಯ ಸಲ ಎತ್ತಿದಾಗ ಶೇಂಗಾದ ಒಂದು ಪೊಟ್ಟಣ ಹಾರಿ ಬಂದು ನನ್ನ ಮಡಿಲಿಗೆ ಬಿತ್ತು. ನಮ್ಮಲ್ಲಿ ಶೇಂಗಾ ಮಾರುವವನು ಬಸ್ಸಿನ ಕಿಟಕಿಯವರೆಗೆ ಬಂದು ಕೊಡುತ್ತಾನೆ. ಇಲ್ಲಿಯವನು ಹತ್ತು ಸಾಲು ಆಚೆಯಿಂದ ಗುರಿಯಿಟ್ಟು ಎಸೆಯುತ್ತಾನೆ. ಬೇಡ ಎನ್ನಲು ಕೈ ಆಡಿಸಿದೆ, ಇನ್ನೊಂದು ಬಂತು. ಅದು ನನ್ನ ಪಕ್ಕದವರ ತೊಡೆಯ ಮೇಲಿದ್ದ ಹಾಳೆಗೆ ಬಡಿದು ಅವರ ಪೆನ್ಸಿಲ್ ಕೆಳಗೆ ಬಿತ್ತು.

ಆ ಪಕ್ಕದವರೇ ವಾಲ್ಟರ್. ಎಂಬತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಇನ್ನು ಮುಂದೆ ಇಂಗ್ಲಿಷಿನವರ ಮಾತನ್ನು ನಾನು ಕನ್ನಡದಲ್ಲಿಯೇ ಕೊಡುತ್ತೇನೆ.

“ನಿಮಗೆ ಶೇಂಗಾ ಅಷ್ಟು ಇಷ್ಟವೋ, ಇಲ್ಲ ಅಂಪೈರ್ ಪರಿಚಯದವನೋ?” ಎಂದರು.

ನಾನು ನಾಚಿಕೊಂಡು ವಿಷಯ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. ನಂತರ ತಾವೂ ಒಂದು ಕಾಲದಲ್ಲಿ ಸಂಬಳ ಪಡೆಯುವ ಸ್ಕೋರರ್ ಆಗಿದ್ದುದಾಗಿ ತಿಳಿಸಿದರು. ದೊಡ್ಡ ಲೀಗಿನಲ್ಲಲ್ಲ, ಅದರ ಕೆಳಗಿನದರಲ್ಲಿ. ಆ ತಂಡವೂ ಈಗಿಲ್ಲ, ಮೈದಾನವಿದ್ದ ಕಡೆ ಅಂಗಡಿಗಳ ಸಾಲು ಎದ್ದಿದೆ. ಮುಂದಿನ ಒಂದು ಗಂಟೆ ನಾವು ಹಾಳೆ ಹಂಚಿಕೊಂಡು ಕೂತೆವು. ಈಗ ಇಷ್ಟೇ ಸೆಕೆಂಡಿನಲ್ಲಿ ಎಸೆಯಬೇಕೆಂದು ಎಸೆಯುವವನ ತಲೆಯ ಮೇಲೂ ಗಡಿಯಾರ ಇಟ್ಟು ಆಟದ ಸೊಗಸನ್ನೇ ಕೊಂದಿದ್ದಾರೆ ಎಂದು ಅವರು ಗೊಣಗಿದರು. ಇಪ್ಪತ್ತು ಓವರಿನ ಕ್ರಿಕೆಟ್ ಬಗ್ಗೆ ನಾನು ಗೊಣಗಿದೆ. ಇಬ್ಬರಿಗೂ ಸಮಾಧಾನವಾಯಿತು.

ಸ್ಕೋರ್‌ಬೋರ್ಡಿನಲ್ಲಿ ರನ್ ಪಕ್ಕ ಇನ್ನೆರಡು ಅಂಕಿ ಇದ್ದವು. ಒಂದು ಹಿಟ್, ಎಂದರೆ ಬ್ಯಾಟು ಹಿಡಿದವನ ಒಳ್ಳೆಯ ಹೊಡೆತ. ಇನ್ನೊಂದು ಎರರ್, ಎಂದರೆ ಚೆಂಡು ಹಿಡಿಯಬೇಕಾದವನು ಮಾಡಿದ ತಪ್ಪು. ತಪ್ಪನ್ನು ಊರಿಗೆಲ್ಲ ಕಾಣುವಂತೆ ದೀಪ ಹಾಕಿ ತೋರಿಸುತ್ತಾರೆ! ನಮ್ಮ ಸ್ಕೋರ್ ಪುಸ್ತಕದಲ್ಲಿ ಕೈಬಿಟ್ಟ ಕ್ಯಾಚಿಗೆ ಜಾಗವೇ ಇಲ್ಲ. ಬಿಟ್ಟವನಿಗೆ ಮನೆಗೆ ಹೋಗುವ ದಾರಿಯಲ್ಲಿ ಬೈಗುಳ, ಮರುದಿನ ಎಲ್ಲ ಮರೆವು.

“ಎರರ್ ಎಂದು ಅಂಪೈರ್ ಹೇಳುತ್ತಾನೋ?” ಎಂದು ಕೇಳಿದೆ.

“ಇಲ್ಲ. ಸ್ಕೋರರ್ ಹೇಳುತ್ತಾನೆ. ಚೆಂಡು ಹಿಡಿಯಲು ಸಾಧ್ಯವಿತ್ತೋ ಇಲ್ಲವೋ, ಅದು ಅವನ ತೀರ್ಮಾನ.”

“ಒಬ್ಬನೇ?”

“ಒಬ್ಬನೇ.”

“ತಾಳೆ ನೋಡುವವರು?”

“ಯಾರೂ ಇರುವುದಿಲ್ಲ.”

ನನಗೆ ಭಯವೇ ಆಯಿತು. ನಮ್ಮಲ್ಲಿ ಇಬ್ಬರು ಕೂರುವುದು ಯಾಕೆ, ಓವರಿಗೊಮ್ಮೆ ಓದುವುದು ಹೇಗೆ ಎಂದು ವಿವರಿಸಿದೆ. ಅವರು ಕೇಳುತ್ತ ಕೇಳುತ್ತ ಬರೆಯುವುದನ್ನು ನಿಲ್ಲಿಸಿದರು. ಮೈದಾನದಲ್ಲಿ ಮೂರು ಎಸೆತ ಆದವು, ಅವರ ಹಾಳೆಯಲ್ಲಿ ಒಂದೂ ಇಳಿಯಲಿಲ್ಲ. ಸೋಮವಾರ ಚಹಾಕ್ಕೆ ಮನೆಗೆ ಬರುವಿರಾ ಎಂದು ಕೇಳಿದಾಗ ಅವರ ದನಿ ಬದಲಾಗಿತ್ತು.

ವಾಲ್ಟರ್ ಮನೆ, ಸೋಮವಾರ

ಒಬ್ಬರೇ ಇರುವ ಚಿಕ್ಕ ಮನೆ, ಬಹಳ ಚೊಕ್ಕಟ. ಚಹಾ ಎಂದರೆ ಬಿಸಿನೀರಿನ ಲೋಟ, ದಾರ ಕಟ್ಟಿದ ಒಂದು ಚೀಲ. ವಿನೋದಾ ಅದನ್ನು ಅದ್ದುವ ಬಗೆ ಸನ್ನೆಯಲ್ಲಿ ತೋರಿಸಿದಳು. ವಾಲ್ಟರ್ ಒಂದು ಕಂದು ಲಕೋಟೆ ತಂದು ಅದರಿಂದ ಹಳದಿ ಬಣ್ಣಕ್ಕೆ ತಿರುಗಿದ ಹಾಳೆ ತೆಗೆದು ಹರಡಿದರು. ನಲವತ್ತು ವರ್ಷಕ್ಕೂ ಹಿಂದಿನ ಒಂದು ಮಧ್ಯಾಹ್ನದ ಪಂದ್ಯ. ಒಂದು–ಸೊನ್ನೆ.

ಅವರು ಹೇಳಿದ್ದು ಇಷ್ಟು. ಊರಿನ ತಂಡಕ್ಕೆ ಎಸೆಯುತ್ತಿದ್ದವನಿಗೆ ಹತ್ತೊಂಬತ್ತು ವರ್ಷ. ಏಳು ಸುತ್ತು ಮುಗಿದರೂ ಎದುರಾಳಿಗಳಿಗೆ ಒಂದು ಹಿಟ್ ಕೂಡ ದಕ್ಕಿರಲಿಲ್ಲ. ಕೊನೆಯವರೆಗೂ ಹಾಗೆಯೇ ಮುಗಿಸಿದರೆ ಅದು ಅವರ ಆಟದಲ್ಲಿ ಜೀವಮಾನದ ಸಾಧನೆ. ದೊಡ್ಡ ಲೀಗಿನವರು ಅವನನ್ನು ನೋಡಲೆಂದು ಬಂದು ಕೂತಿದ್ದರು. ಎಂಟನೆಯ ಸುತ್ತಿನಲ್ಲಿ ಎದುರಾಳಿಯೊಬ್ಬ ಎಸೆತಗಳು ದಾರಿ ತಪ್ಪಿದ್ದರಿಂದ ಹೊಡೆಯದೆಯೇ ಬಿಟ್ಟಿ ಬೇಸ್ ಪಡೆದು, ಹೇಗೋ ಮೂರನೆಯ ಬೇಸಿನವರೆಗೆ ಬಂದ. ಇಬ್ಬರು ಔಟಾದರು. ಮುಂದಿನವನು ಹೊಡೆದ ಚೆಂಡು ನೆಲ ಹಿಡಿದುಕೊಂಡು ರೂಬೆನ್ ಎಂಬ ಆಟಗಾರನತ್ತ ಹೋಯಿತು. ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವವನು ರೂಬೆನ್. ಹಾಳೆಯಲ್ಲಿ ಆ ಜಾಗದ ಸಂಖ್ಯೆ ಆರು. ಚೆಂಡು ಅವನ ಕೈಗವಸಿನ ಕೆಳಗೆ ನುಸುಳಿತು. ಮೂರನೆಯ ಬೇಸಿನವನು ಓಡಿ ಬಂದ. ಆ ಪಂದ್ಯದ ಒಂದೇ ರನ್ ಅದು.

ಹಿಟ್ ಎಂದು ಬರೆದರೆ ಎಸೆಯುವವನ ಸಾಧನೆ ಹೋಯಿತು. ಎರರ್ ಎಂದು ಬರೆದರೆ ಸಾಧನೆ ಉಳಿಯಿತು, ಸೋಲಿಗೆ ರೂಬೆನ್ ಒಬ್ಬನೇ ಹೊಣೆಯಾದ. ವಾಲ್ಟರ್ ಎರರ್ ಎಂದು ಬರೆದರು. ಮೂರು ವಾರದಲ್ಲಿ ತಂಡ ರೂಬೆನ್‌ರನ್ನು ಕೈಬಿಟ್ಟಿತು. ಬೇರೆ ಯಾವ ತಂಡವೂ ಕರೆಯಲಿಲ್ಲ. ಅವರು ಲಾಸ್ ಏಂಜಲೀಸ್‌ನ ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸಕ್ಕೆ ಸೇರಿದರು. ಎಸೆಯುವ ಹುಡುಗನೂ ದೊಡ್ಡ ಲೀಗಿಗೆ ಹೋಗಲಿಲ್ಲ, ಮರುವರ್ಷ ಅವನ ಭುಜ ಕೈಕೊಟ್ಟಿತು.

“ನಾನು ತಪ್ಪು ಬರೆದೆ. ಅದು ಹಿಟ್,” ಎಂದರು ವಾಲ್ಟರ್. “ತಿಂಗಳ ಕೊನೆಗೆ ನನ್ನ ಹೃದಯದ ಆಪರೇಶನ್ ಇದೆ. ಅದಕ್ಕೆ ಮೊದಲು ಅವನಿಗೆ ಇದನ್ನು ತಿಳಿಸಬೇಕು. ಮೂರು ಕಾಗದ ಹಾಕಿದೆ. ಮೂರೂ ಒಡೆಯದೆ ವಾಪಸ್ ಬಂದವು.”

ಕಾಗದ ನಿರಾಕರಿಸುವುದೂ ಒಂದು ಉತ್ತರವೇ ಎಂದು ನಾನು ಅಂಚೆಯವಳ ಅನುಭವದಿಂದ ಹೇಳಿದೆ.

“ಗೊತ್ತು. ಅದಕ್ಕೇ ಕಾಗದದ ಜೊತೆ ಮನುಷ್ಯರನ್ನು ಕಳಿಸಬೇಕು ಎನಿಸಿತು. ವಿನೋದಾ ಕೆಲಸಕ್ಕೆಂದು ಮುಂದಿನ ವಾರ ನೀವಿಬ್ಬರೂ ಲಾಸ್ ಏಂಜಲೀಸ್‌ಗೆ ಹೋಗುವಿರಂತೆ. ನನ್ನ ಕಡೆಯವರು ಯಾರೇ ಹೋದರೂ ಅವನು ಬಾಗಿಲು ಹಾಕಿಕೊಳ್ಳುತ್ತಾನೆ. ಭಾರತದಿಂದ ಬಂದ ಸ್ಕೋರರ್ ಎಂದರೆ ಅರ್ಧ ನಿಮಿಷವಾದರೂ ಯೋಚಿಸಬಹುದು.”

ಹಾಳೆ ಮತ್ತು ನಾಲ್ಕನೆಯ ಕಾಗದ ಇದ್ದ ಲಕೋಟೆ ಹಿಡಿದು ನಾನು ಕಾರು ಹತ್ತಿದೊಡನೆ ವಿನೋದಾ ರೇಗಿದಳು. “ಮಂದಿ ಜಗಳದಾಗ ನಾವ್ಯಾಕ ಹೋಗಬೇಕಕ್ಕಾ? ಗುರುತಿಲ್ಲ ಪರಿಚಯ ಇಲ್ಲ.”

“ನಾ ಅಂಚೆಯಾಕಿ. ಒಯ್ದು ಮುಟ್ಟಸೂದು ನನ್ನ ಕೆಲಸ. ಒಳಗ ಏನದ ಅನ್ನೂದು ನನಗ ಸಂಬಂಧ ಇಲ್ಲ.”

ಇದು ಬರೀ ಬಾಯಿಮಾತಾಗಿತ್ತು. ಹಾಳೆ ನೋಡಿದ ಕ್ಷಣದಿಂದ ನನಗೆ ಅದರದೇ ಗೀಳು ಹಿಡಿದಿತ್ತು.

ಪೋರ್ಟರ್ ರ್ಯಾಂಚ್

ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸ್‌ಗೆ ಕಡಲ ಪಕ್ಕದ ಹೆದ್ದಾರಿ. ಆರು ಸಾಲಿನಲ್ಲಿ ವಾಹನಗಳು ಒಟ್ಟಿಗೆ ನಿಂತುಬಿಟ್ಟರೂ ಒಬ್ಬರೂ ಹಾರ್ನ್ ಹೊಡೆಯುವುದಿಲ್ಲ. ಪಕ್ಕದ ಕಾರಿನವನೊಬ್ಬ ಆ ಬಿಡುವಿನಲ್ಲಿ ಗಡ್ಡ ಬೋಳಿಸಿಕೊಂಡ, ಇನ್ನೊಬ್ಬಳು ಚಮಚದಿಂದ ಉಪಾಹಾರ ಮುಗಿಸಿದಳು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಷ್ಟರಲ್ಲಿ ನಾವು ಹೊಡೆಯುವ ಹಾರ್ನಿನಲ್ಲಿ ಅವರ ಒಂದು ವರ್ಷ ಕಳೆದೀತು.

ಆ ರಾತ್ರಿಯ ವಸತಿ ಊರಿನ ಉತ್ತರ ಅಂಚಿನ ಪೋರ್ಟರ್ ರ್ಯಾಂಚ್‌ನಲ್ಲಿ, ವಿನೋದಾಳ ಗೆಳೆಯ ಶ್ರೀಧರನ ಮನೆಯಲ್ಲಿ. ಬೆಂಗಳೂರಿನವನು, ಟೆಲಿಕಾಂ ಎಂಜಿನಿಯರ್. ಗುಡ್ಡದ ಮೇಲೆ ಸಾಲಾಗಿ ಒಂದೇ ಬಣ್ಣದ ಮನೆಗಳು. ಸಂಜೆ ವಾಕಿಂಗ್ ಹೋಗಿ ವಾಪಸಾಗುವಾಗ ನಾನು ಪಕ್ಕದ ಮನೆಯ ಬಾಗಿಲಿನ ಗುಂಡಿ ಒತ್ತಿದ್ದೆ. ಆ ಮನೆಯ ಕೊರಿಯಾದ ಅಜ್ಜಿ ತಾನೂ ಹೀಗೆ ತಪ್ಪುತ್ತಿರುತ್ತೇನೆ ಎಂದು ಕೈಸನ್ನೆಯಲ್ಲಿ ಹೇಳಿ ಶ್ರೀಧರನ ಮನೆಯವರೆಗೆ ಬಿಟ್ಟು ಹೋದಳು.

ಊಟಕ್ಕೆ ಬಿಸಿಬೇಳೆಬಾತ್ ಇತ್ತು. ಶ್ರೀಧರನಿಗೆ ನಮ್ಮ ಕೆಲಸ ಕೇಳಿ ನಗು ತಡೆಯಲಾಗಲಿಲ್ಲ.

“ಆಂಟಿ, ಒನ್-ಝೀರೋ ಮ್ಯಾಚಾ? ಮೂರು ಗಂಟೆ ಕೂತ್ಕೊಂಡು ಒಂದು ರನ್ ನೋಡೋದಾ? ಅದೂ ನಲವತ್ತು ವರ್ಷದ್ದು? ಯಾರಿಗೆ ಬೇಕು ಹೇಳಿ.”

“ರನ್ ಕಡಿಮೆ ಇದ್ದಷ್ಟೂ ಒಂದೊಂದಕ್ಕೆ ತೂಕ ಜಾಸ್ತಿ ಆಗ್ತದಪ್ಪ,” ಎಂದೆ. ಅವನು ಒಪ್ಪಲಿಲ್ಲ, ಬಡಿಸುವುದನ್ನೂ ನಿಲ್ಲಿಸಲಿಲ್ಲ.

ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಹಾಳೆ ಹಿಡಿದು ನೋಡುತ್ತಿದ್ದಾಗ ನನ್ನ ಕೈ ನಿಂತಿತು. ಎಂಟನೆಯ ಸುತ್ತಿನ ಆ ಚೌಕದಲ್ಲಿ ಕಾಗದ ಸವೆದಿತ್ತು. ರಬ್ಬರ್ ಉಜ್ಜಿದ ಗುರುತು. ಎರರ್ ಎಂಬ ಬರಹದ ಕೆಳಗೆ ಮೊದಲು ಹಿಟ್ ಎಂದು ಎಳೆದ ಗೆರೆಯ ತಗ್ಗು ಇನ್ನೂ ಕಾಣುತ್ತಿತ್ತು. ನಮ್ಮ ಕೆಲಸದಲ್ಲಿ ಅಳಿಸುವುದೆಂದರೆ ಪಾಪ. ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಬೇಕು, ಮೊದಲಿನದು ಓದಲು ಬರಬೇಕು. ನನಗೆ ಸಿಟ್ಟು ಬಂತು. ಕೂಡಲೇ ವಾಲ್ಟರ್‌ಗೆ ಫೋನ್ ಮಾಡಿಸಿದೆ.

“ಇದರಲ್ಲಿ ಅಳಿಸಿ ಬರೆದಿದ್ದೀರಿ. ನನಗೆ ಹೇಳಲಿಲ್ಲ.”

ಅವರು ಹೇಳಿದರು: “ಮೊದಲು ಹಿಟ್ ಎಂದೇ ಬರೆದೆ. ಸುತ್ತ ಕೂತ ಪತ್ರಿಕೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆ ಹುಡುಗನಿಗೆ ಹತ್ತೊಂಬತ್ತು ವರ್ಷ. ಅಳಿಸಿದೆ. ಅದನ್ನೂ ಕಾಗದದಲ್ಲಿ ಬರೆದಿದ್ದೇನೆ. ನಿಮಗೆ ಹೇಳಲು ನಾಚಿಕೆಯಾಯಿತು, ನೀವು ಸ್ಕೋರರ್ ಅಲ್ಲವೇ?”

ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಸ್ಯಾನ್ ಪೀಡ್ರೊ

ಇಳಿಜಾರಿನ ಬೀದಿಯ ತುದಿಯಲ್ಲಿ ಬಂದರಿನ ಕ್ರೇನುಗಳು ಕಾಣುತ್ತವೆ. ಬಣ್ಣಬಣ್ಣದ ಕಂಟೇನರ್‌ಗಳನ್ನು ಎತ್ತಿ ಇಡುತ್ತಲೇ ಇರುತ್ತವೆ, ಮನುಷ್ಯರು ಮಾತ್ರ ಎಲ್ಲೂ ಕಾಣುವುದಿಲ್ಲ. ವಿನೋದಾಳ ಸಂಸ್ಥೆಯ ಒಂದು ಯಂತ್ರ ಹಡಗಿನಲ್ಲಿ ಬಂದಿತ್ತು, ಅದರ ಪೇಪರ್‌ವರ್ಕ್ ಅವಳಿಗೆ.

“ಒಂದ ತಾಸು ಅಕ್ಕಾ. ಜಗಳ ಆದ್ರ ಫೋನ್ ಮಾಡು,” ಎಂದು ಮನೆಯ ಮುಂದೆ ಇಳಿಸಿ ಹೋದಳು.

ಬಾಗಿಲು ತೆರೆದವರೇ ರೂಬೆನ್. ಎಪ್ಪತ್ತರ ಹತ್ತಿರದ ದಪ್ಪ ಮೈ, ಬಗ್ಗದ ಮಂಡಿ. ವಾಲ್ಟರ್ ಹೆಸರು ಕೇಳಿದ್ದೇ ಅವರ ಕೈ ಬಾಗಿಲಿನ ಅಂಚಿಗೆ ಹೋಯಿತು.

“ನಾನು ಅವರ ಕಡೆಯವಳಲ್ಲ,” ಎಂದೆ ಗಡಿಬಿಡಿಯಲ್ಲಿ. “ನಾನು ಸ್ಕೋರರ್. ಕ್ರಿಕೆಟ್‌ನವಳು. ಭಾರತದಿಂದ.”

ಅವರಿಗೆ ಇದರಲ್ಲಿ ಯಾವ ಮಾತಿಗೆ ಉತ್ತರ ಕೊಡಬೇಕೋ ತಿಳಿಯಲಿಲ್ಲ. ಹಿಂದಿನಿಂದ ಅವರ ಹೆಂಡತಿ ಡೊಲೊರೆಸ್ ಇಣುಕಿ, “ಬಿಸಿಲಲ್ಲಿ ನಿಲ್ಲಿಸಬೇಡ, ಒಳಗೆ ಕರಿ,” ಎಂದರು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಡೊಲೊರೆಸ್ ಅದನ್ನು ನೋಡಿ ಮೃದುವಾದರು, ದಾಲ್ಚಿನ್ನಿ ಹಾಕಿದ ಕಾಫಿ ತಂದರು. ನಾನು ಕೊಟ್ಟ ಕಾಗದವನ್ನು ರೂಬೆನ್ ನಿಂತೇ ಓದಿದರು. ಎರಡನೆಯ ಸಲ ಕೂತು ಓದಿದರು. ಮೂರನೆಯ ಸಲ ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು: ಅದು ಹಿಟ್ ಆಗಿತ್ತು, ನಾನು ಕಂಡದ್ದನ್ನು ಬರೆದು ಅಳಿಸಿದೆ, ಕ್ಷಮಿಸು.

“ನೋಡಿದೆಯಾ?” ಎಂದರು. ಅವರ ಮುಖ ಅರಳಿತ್ತು. “ನಾನು ಅವತ್ತಿನಿಂದ ಹೇಳುತ್ತಲೇ ಬಂದೆ. ಕಲ್ಲಿಗೆ ತಗುಲಿ ಚೆಂಡು ತಿರುಗಿತು. ಯಾರಿಂದಲೂ ಹಿಡಿಯಲು ಆಗುತ್ತಿರಲಿಲ್ಲ.”

“ಹೌದು, ಕಲ್ಲು,” ಎಂದರು ಡೊಲೊರೆಸ್.

“ನಿನ್ನ ಹಾಳೆಯನ್ನೂ ತಾ. ಇವಳೂ ಅವತ್ತು ಮೂರನೆಯ ಸಾಲಿನಲ್ಲಿ ಕೂತು ಬರೆದಿದ್ದಳು,” ಎಂದು ರೂಬೆನ್ ನನಗೆ ಹೇಳಿದರು. “ಇಷ್ಟು ವರ್ಷದಲ್ಲಿ ನಾನೊಮ್ಮೆಯೂ ಕೇಳಿ ನೋಡಿಲ್ಲ.”

ಆ ದೇಶದಲ್ಲಿ ಪ್ರೇಕ್ಷಕರೂ ಗ್ಯಾಲರಿಯಲ್ಲಿ ಕೂತು ಸ್ಕೋರ್ ಬರೆಯುತ್ತಾರೆ ಎಂಬುದು ನನಗೆ ನೆನಪಾಯಿತು. ಒಂದೇ ಪಂದ್ಯಕ್ಕೆ ಎರಡು ಹಾಳೆ! ನನ್ನ ಬುದ್ಧಿ ಅಲ್ಲೇ ಕೆಟ್ಟಿತು.

“ಹಾಗಾದರೆ ತಾಳೆ ನೋಡೋಣ,” ಎಂದುಬಿಟ್ಟೆ. “ನಾನು ಇದನ್ನು ಓದುತ್ತೇನೆ, ನೀವು ನಿಮ್ಮದನ್ನು ಓದಿ.”

ಎಲ್ಲಿಟ್ಟೆನೋ ನೆನಪಿಲ್ಲ ಎಂದರು ಡೊಲೊರೆಸ್. ಹೊಲಿಗೆ ಯಂತ್ರದ ಕೆಳಗಿನ ಡಬ್ಬಿಯಲ್ಲಿದೆ ಎಂದರು ರೂಬೆನ್. ಕಾಫಿ ಆರುತ್ತದೆ ಎಂದರು ಡೊಲೊರೆಸ್. ಅವರು ಹಿಂಜರಿಯುತ್ತಿದ್ದಾರೆ ಎಂದು ಕುರುಡಿಗೂ ತಿಳಿಯುತ್ತಿತ್ತು, ನನಗೆ ತಿಳಿಯಲಿಲ್ಲ. ಕೊನೆಗೆ ರೂಬೆನ್ ತಾವೇ ಎದ್ದು ಡಬ್ಬಿ ತಂದರು.

ಅಕ್ಕಪಕ್ಕ ಕೂತು ಶುರು ಮಾಡಿದೆವು. ನಾನು ಓದಿದೆ, ಡೊಲೊರೆಸ್ ತಮ್ಮ ಹಾಳೆ ನೋಡಿ ಹೌದು ಎನ್ನುತ್ತ ಹೋದರು. ಏನು ಅಂದವಾದ ಹಾಳೆ ಅದು! ನೀಲಿ ಪೆನ್ನಿನಲ್ಲಿ, ಒಂದು ಚಿತ್ತೂ ಇಲ್ಲದೆ. ಏಳು ಸುತ್ತು ಕೂದಲೆಳೆ ವ್ಯತ್ಯಾಸವಿಲ್ಲದೆ ತಾಳೆಯಾದವು. ಎಂಟನೆಯದರಲ್ಲಿ ಬಿಟ್ಟಿ ಬೇಸ್ ತಾಳೆಯಾಯಿತು, ಇಬ್ಬರು ಔಟಾದದ್ದು ತಾಳೆಯಾಯಿತು. ಮುಂದಿನ ಚೌಕಕ್ಕೆ ಬಂದಾಗ ನಾನು ಓದಿದೆ: “ಎರರ್. ಆರು.”

“ಹಿಟ್,” ಎಂದರು ಡೊಲೊರೆಸ್.

ನನ್ನ ಕಣ್ಣು ಅಭ್ಯಾಸಬಲದಿಂದ ಪಕ್ಕದ ಹಾಳೆಗೆ ಹೋಯಿತು. ಮೂವತ್ತು ವರ್ಷದ ಚಾಳಿ ಬಾಯಿಗೆ ಬಂತು.

“ತಾಳಿ,” ಎಂದೆ. “ನಿಮ್ಮ ಹಾಳೆಯಲ್ಲೂ ಎರರ್ ಅಂತಲೇ ಇದೆಯಲ್ಲ?”

ಹೇಳಿದ ಮೇಲೆ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪರದೇಶಕ್ಕೆ ಬಂದು, ಒಬ್ಬರ ಮನೆಯಲ್ಲಿ ಕಾಫಿ ಕುಡಿಯುತ್ತ, ಅವರು ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ನಾನು ಒಂದು ಮಾತಿನಲ್ಲಿ ಒಡೆದಿದ್ದೆ. ಅಂಥ ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

ರೂಬೆನ್ ಕನ್ನಡಕ ಹಾಕಿಕೊಂಡು ಹೆಂಡತಿಯ ಕೈಯಿಂದ ಹಾಳೆ ತೆಗೆದುಕೊಂಡರು.

“ಪೆನ್ನಿನಲ್ಲಿ ಬರೆದಿದ್ದೀಯ,” ಎಂದರು.

“ನಾನು ಪೆನ್ನಿನಲ್ಲೇ ಬರೆಯುತ್ತಿದ್ದೆ,” ಎಂದರು ಡೊಲೊರೆಸ್. ಅವರ ದನಿ ಸಣ್ಣದಾಗಿತ್ತು. “ಅವತ್ತು ಸಂಜೆ ನೀನು ಕಲ್ಲು ಅಂದೆ. ನಾನು ಹೌದು ಅಂದೆ. ನಿನ್ನ ಮುಖ ಹಾಗಿತ್ತು. ಆಮೇಲೆ ತಂಡ ಬಿಟ್ಟಿತು, ಮದುವೆಯಾಯಿತು, ಮಕ್ಕಳಾದರು. ಆ ಹೌದನ್ನು ವಾಪಸ್ ತೆಗೆದುಕೊಳ್ಳಲು ಒಂದು ದಿನವೂ ಒಳ್ಳೆಯ ದಿನ ಎನಿಸಲಿಲ್ಲ.”

ರೂಬೆನ್ ಹಾಳೆಯ ಆ ಚೌಕದ ಮೇಲೆ ಬೆರಳಿಟ್ಟರು.

“ಕಲ್ಲಿರಲಿಲ್ಲ,” ಎಂದರು. “ಚೆಂಡು ಕೈಗೆ ಬರುವ ಮೊದಲೇ ಓಡುವವನನ್ನು ನೋಡಲು ತಲೆ ಎತ್ತಿದೆ. ಸ್ಕೂಲಿನ ಹುಡುಗರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ನೀನು ನೋಡಿಲ್ಲ ಎಂದುಕೊಂಡಿದ್ದೆ. ನೋಡಿದ್ದರೆ ಎಂಬ ಹೆದರಿಕೆಗೆ ಇಷ್ಟು ವರ್ಷ ಆ ಹಾಳೆ ಕೇಳಲಿಲ್ಲ, ಇವತ್ತು ಈ ಕಾಗದ ಧೈರ್ಯ ಕೊಟ್ಟಿತು.”

ಅವರು ಫೋನ್ ಎತ್ತಿಕೊಂಡು ಕಾಗದದ ಕೆಳಗಿದ್ದ ನಂಬರ್ ಒತ್ತಿದರು. ಅತ್ತ ವಾಲ್ಟರ್ ದನಿ ನಮಗೂ ಕೇಳುತ್ತಿತ್ತು. ರೂಬೆನ್ ಪೀಠಿಕೆ ಹಾಕಲಿಲ್ಲ.

“ನೀವು ಬರೆದದ್ದು ಸರಿ. ಅದು ಎರರ್.”

“ಇಲ್ಲ, ರೂಬೆನ್. ನಾನು ಮೊದಲು ಹಿಟ್ ಎಂದು ಬರೆದಿದ್ದೆ. ಆ ಹುಡುಗನಿಗೋಸ್ಕರ ಅಳಿಸಿದೆ.”

“ಕಾರಣ ನಿಮ್ಮದು, ಅದನ್ನು ನೀವೇ ಇಟ್ಟುಕೊಳ್ಳಿ. ತಪ್ಪು ನನ್ನದು.”

ಅತ್ತ ವಾಲ್ಟರ್ ಮೂಗು ಒರೆಸಿಕೊಳ್ಳುವ ಸದ್ದು ಬಂತು.

“ಆಪರೇಶನ್ ಮುಗಿಸಿಕೊಳ್ಳಿ,” ಎಂದರು ರೂಬೆನ್. “ಆಮೇಲೆ ಬನ್ನಿ. ಕಾಗದ ಹಾಕಬೇಡಿ.” ಫೋನ್ ಇಟ್ಟು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ನಾನು ಸೆರಗು ಬಿಗಿ ಹಿಡಿದೆ.

“ನಿಮ್ಮ ಊರಿನಲ್ಲಿ ಎರಡೂ ಹಾಳೆ ತಾಳೆಯಾದರೆ ಏನು ಮಾಡುತ್ತೀರಿ?”

“ಕೆಳಗೆ ಇಬ್ಬರು ಸ್ಕೋರರ್‌ಗಳೂ ಸಹಿ ಹಾಕುತ್ತೇವೆ,” ಎಂದೆ.

ವಾಲ್ಟರ್ ಹಾಳೆಯ ಕೆಳಗೆ ಒಂದೇ ಸಹಿ ಇತ್ತು. ರೂಬೆನ್ ನನ್ನ ನಾಲ್ಕು ಪೆನ್ನಿನಲ್ಲಿ ನೀಲಿಯದನ್ನು ಆರಿಸಿ, ಮುಚ್ಚಳ ತೆಗೆದು, ಹಾಳೆಯನ್ನು ಹೆಂಡತಿಯ ಮುಂದೆ ಸರಿಸಿದರು.

“ಬೇಡ,” ಎಂದರು ಡೊಲೊರೆಸ್.

“ಹಾಕು.”

ಅವರು ಪೆನ್ನು ಹಿಡಿದು ಗಂಡನ ಮುಖ ನೋಡಿದರು. “ಯಾವ ಹೆಸರು ಹಾಕಲಿ? ಅವತ್ತು ನಾನಿನ್ನೂ ನಿನ್ನ ಹೆಂಡತಿ ಆಗಿರಲಿಲ್ಲ.”

“ಈಗಿನದು,” ಎಂದರು ರೂಬೆನ್.

ಡೊಲೊರೆಸ್ ತಮ್ಮ ಹೆಸರು ಬರೆದು, ಸ್ವಲ್ಪ ತಡೆದು, ಪಕ್ಕದಲ್ಲಿ ಗಂಡನ ಮನೆತನದ ಹೆಸರನ್ನೂ ಬರೆದರು. ರೂಬೆನ್ ಅದು ಮುಗಿಯುವವರೆಗೆ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.